ಆರನೇ ಬಾವಿಯ ಏಳು ಕೊಡ

ಚಂದ್ರವ್ವನ ಮೊಣಕಾಲು ಸುಳ್ಳು ಹೇಳಿದ್ದು ಆ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಲಂಡನ್ನಿನ ಕ್ವೀನ್ಸ್‌ಬರಿಯ ಆಕಾಶ ಬೆಳಿಗ್ಗೆ ಎಷ್ಟೇ ತಿಳಿಯಾಗಿರಲಿ, ಅವಳ ಕಾಲು ಹಿಡಿದುಕೊಂಡಿತೆಂದರೆ ಸಂಜೆಯೊಳಗೆ ಗಾಳಿ ಮಳೆ ಬಂದೇ ತೀರಬೇಕು. ಧಾರವಾಡದಿಂದ ಮಗಳ ಮನೆಗೆ ಬಂದು ಹನ್ನೊಂದು ವರ್ಷವಾದರೂ ಈ ದೇಶದ ಮಾತು ಅವಳ ನಾಲಿಗೆಗೆ ಹತ್ತಲಿಲ್ಲ. ಈ ದೇಶದ ಮಳೆಯನ್ನು ಮಾತ್ರ ಅರೆದು ಕುಡಿದಿದ್ದಳು. ನೋವು ಬಂದ ದಿನಕ್ಕೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಸೊನ್ನೆ ಸುತ್ತುತ್ತಿದ್ದಳು, ಜಿಪಿ ಡಾಕ್ಟರಿಗೆ ತೋರಿಸಬೇಕೆಂದು. ಆ ಜಿಪಿ ಮಹಾಶಯ ಒಂದು ಸಲವೂ ಅದರ ಮೇಲೆ ಕಣ್ಣು ಹಾಯಿಸಿರಲಿಲ್ಲ, ಅದು ಬೇರೆ ಮಾತು.

ಮಗಳು ಸಂಹಿತಾ ನೀರಿನ ವಿಜ್ಞಾನಿ. ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಮರುಭೂಮಿಗಳಲ್ಲಿ ಎಲ್ಲಿ ನೀರಿದೆ, ಯಾವ ನೆಲವನ್ನು ಮುಟ್ಟದೆ ಕಾಪಾಡಬೇಕು, ಯಾವುದನ್ನು ಬಿಟ್ಟುಕೊಟ್ಟರೂ ನಡೆಯುತ್ತದೆ ಎಂದು ಅಳೆದು ಹೇಳುವುದು ಅವರ ಕೆಲಸ. ಮರುಭೂಮಿಯ ಮರಳನ್ನು ಜನ್ಮದಲ್ಲಿ ಎರಡೇ ಸಲ ತುಳಿದಿದ್ದ ಸಂಹಿತಾ, ಮನೆಯ ಹಿಂದಿನ ಕೋಣೆಯಲ್ಲಿ ಹೀಟರ್ ಹಚ್ಚಿಕೊಂಡು ಕೂತು ಥಾರ್ ಮರುಭೂಮಿಯ ಹತ್ತು ಬಾವಿಗಳ ಹಣೆಬರಹ ಬರೆಯುತ್ತಿದ್ದಳು. ಹಾಗೆ ಬರೆಯುವುದರಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು.

ಆ ಬಾವಿಗಳೂ ಅಂಥಿಂಥವಲ್ಲ. ಬಾಯಿ ಒಂದು ದೊಡ್ಡ ಪರಾತದಷ್ಟು ಅಗಲ, ಅಷ್ಟೇ. ಮರಳಿನ ಕೆಳಗೆ ಜಿಪ್ಸಮ್ಮಿನ ಒಂದು ತೆಳುವಾದ ಪದರವಿದೆ. ಯಾವತ್ತೋ ಬಿದ್ದ ಮಳೆ ಅದರ ಮೇಲೆ ಕೂತುಕೊಂಡು, ಅದರ ಕೆಳಗಿನ ಉಪ್ಪುನೀರಿಗೆ ಸೇರದೆ, ರಾತ್ರಿಯಿಡೀ ಹನಿಹನಿಯಾಗಿ ಬಾವಿಗೆ ಜಿನುಗುತ್ತದೆ. ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಸಿಹಿನೀರು. ಸೇದಿ ಖಾಲಿ ಮಾಡಿದರೆ ಮರುದಿನ ಮತ್ತೆ ಅಷ್ಟೇ. ಒಂದೊಂದು ಮನೆತನಕ್ಕೆ ಒಂದೊಂದು ಬಾವಿ, ತಲೆತಲಾಂತರದಿಂದ.

ಹೋದ ವರ್ಷ ನವೆಂಬರಿನಲ್ಲಿ ಪ್ರತಿ ಬಾವಿಗೂ ಒಂದು ಗೇಣುದ್ದದ ಉಕ್ಕಿನ ಕೊಳವೆಯಂಥ ಮಾಪಕ ಇಳಿಸಿದ್ದರು. ಐದೈದು ಸೆಕೆಂಡಿಗೆ ಅವು ಕಳಿಸಿದ ಅಂಕಿಗಳನ್ನು ಮೂರು ತಿಂಗಳು ನೋಡಿ ಸಂಹಿತಾ ವರದಿ ಕೊಟ್ಟಿದ್ದಳು: ಹತ್ತೂ ಬಾವಿ ಬತ್ತಿವೆ. ಊರಿನವರು ಒಪ್ಪಲಿಲ್ಲ. ಒಬ್ಬ ಮುದುಕಿ ಆರನೇ ಬಾವಿಯಿಂದ ನೀರು ಸೇದುವ ವಿಡಿಯೋ ಕಳಿಸಿದರು. ಮೂರು ಕೊಡ ಸೇದಿ ಮುದುಕಿ ಕಟ್ಟೆಯ ಮೇಲೆ ಕೂತಳು, ಎದ್ದು ಮತ್ತೆ ಮೂರು ಸೇದಿ ಇನ್ನೂ ಬಹಳ ಹೊತ್ತು ಕೂತಳು, ಕೊನೆಗೆ ಒಂದು. ಒಮ್ಮೆಯೂ ಕ್ಯಾಮೆರಾ ಕಡೆ ತಿರುಗಲಿಲ್ಲ. ಸಂಹಿತಾ ಅದಕ್ಕೆ "ತಳದಲ್ಲಿ ಉಳಿದ ನೀರು, ಪರಿಗಣಿಸಬೇಕಿಲ್ಲ" ಎಂದು ಷರಾ ಬರೆದಳು. ಗ್ರಾಫ್ ಇರುವಾಗ ಮುದುಕಿಯ ಕೊಡ ಯಾರಿಗೆ ಬೇಕು? ಮಾರ್ಚಿನಲ್ಲಿ ಊರಿಗೆ ಊರೇ ಇಪ್ಪತ್ತು ಕಿಲೋಮೀಟರ್ ಆಚೆಯ ಟ್ಯಾಂಕರ್ ರಸ್ತೆಯ ಕಾಲೊನಿಗೆ ಹೋಯಿತು. ಹೋಗುವಾಗ ಮನೆಗಳ ಬಾಗಿಲನ್ನೂ ಕಿತ್ತುಕೊಂಡು ಹೋದರು. ಈಗ ಆ ನೆಲ ಸೋಲಾರ್ ಫಲಕಗಳಿಗೆ. ನವೆಂಬರಿನ ಎರಡನೇ ಸೋಮವಾರ ಬಾವಿಗಳಿಗೆ ಚಪ್ಪಡಿ ಮುಚ್ಚಿ ಸುತ್ತಲಿನ ನೆಲ ಕೆರೆಯುವ ಕೆಲಸ ಶುರು, ಆರನೆಯದರಿಂದ. ಎಲ್ಲಕ್ಕಿಂತ ಸತ್ತ ಬಾವಿ ಅದೇ ಎಂದು ಸಂಹಿತಾಳೇ ಬರೆದುಕೊಟ್ಟಿದ್ದಳು.

ಆ ಸೋಮವಾರಕ್ಕೆ ಇನ್ನೂ ಆರು ದಿನವಿತ್ತು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರ್ ತೆರೆದ ಸಂಹಿತಾ ಹಾಗೇ ನಿಂತುಬಿಟ್ಟಳು. ಹತ್ತೂ ಬಾವಿಗಳಲ್ಲಿ ನೀರು ಎದ್ದಿತ್ತು. ಒಂದೇ ಗಳಿಗೆಯಲ್ಲಿ, ಒಂದೇ ಅಳತೆಯಲ್ಲಿ, ಯಾರೋ ನೆಲವನ್ನೇ ಕೆಳಗಿನಿಂದ ಎತ್ತಿದ ಹಾಗೆ. ಐನೂರು ಮೈಲಿ ಸುತ್ತಳತೆಯಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ಅವಳ ತೋಳಿನ ಮೇಲೆ ಕೂದಲು ನಿಂತವು.

"ಅಯ್ಯ ಶಿವನ, ಈ ಕಾಲು ಸಾಯ್ಲಿ ಇವತ್ತ," ಎಂದು ಅಡುಗೆಮನೆಯಲ್ಲಿ ಚಂದ್ರವ್ವ ನರಳಿದಳು. ಕಿಟಕಿಯ ಹೊರಗೆ ಬಿರುಗಾಳಿ ಎದುರುಮನೆಯ ಕಸದ ಬಿನ್ನುಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು.

ಸಂಹಿತಾ ಚಹಾ ಮಾಡಲೆಂದು ಹೋಗಿ ಕ್ಯಾಲೆಂಡರಿನ ಮುಂದೆ ನಿಂತಳು. ಏನೂ ಯೋಚಿಸಿರಲಿಲ್ಲ, ಸುಮ್ಮನೆ ಕಣ್ಣು ಹೋಯಿತು. ಅಕ್ಟೋಬರ್ ಹದಿನಾಲ್ಕಕ್ಕೆ ಸೊನ್ನೆ. ಹದಿನಾಲ್ಕಕ್ಕೆ ಬಾವಿಗಳಲ್ಲಿ ಸಣ್ಣದೊಂದು ಏರು ಕಂಡಿತ್ತಲ್ಲವೇ? ಕ್ಯಾಲೆಂಡರ್ ಕಿತ್ತುಕೊಂಡು ಹೋಗಿ ಗ್ರಾಫಿನ ಪಕ್ಕ ಹಿಡಿದಳು. ಜನವರಿಯಿಂದ ಇಲ್ಲಿಯವರೆಗೆ, ಥಾರ್ ಮರುಭೂಮಿಯ ಬಾವಿಗಳಲ್ಲಿ ನೀರು ಏರಿದ ಪ್ರತಿ ದಿನವೂ ಲಂಡನ್ನಿನಲ್ಲಿ ಅವಳ ತಾಯಿಯ ಮೊಣಕಾಲು ಹಿಡಿದುಕೊಂಡಿತ್ತು. ಒಂದು ದಿನವೂ ತಪ್ಪಿರಲಿಲ್ಲ.

"ಅವ್ವಾ," ಎಂದಳು. "ಈ ಕ್ಯಾಲೆಂಡರ್ ಯಾರ ಬರದಾರ?"

"ಮತ್ಯಾರು ಬರೀತಾರ? ನನ್ನ ಕಾಲು, ನನ್ನ ಪೆನ್ನು. ಯಾಕ, ಮಾರಿ ಹಂಗ್ಯಾಕ ಬಿಳಿಚೇತಿ?"

ಹೆದರಿಕೆ ಒಂದು ಕಡೆ, ಹದಿನೈದು ವರ್ಷದ ಕಸುಬು ಒಂದು ಕಡೆ. ಕಸುಬು ಮೊದಲು ಬಾಯಿಬಿಟ್ಟಿತು. ನೀರಿನೊಳಗಿನ ಮಾಪಕ ತನ್ನ ಮೇಲಿನ ನೀರಿನ ಭಾರದ ಜೊತೆ ಗಾಳಿಯ ಭಾರವನ್ನೂ ಸೇರಿಸಿ ಅಳೆಯುತ್ತದೆ. ಅದಕ್ಕೆಂದೇ ಬಾವಿಗಳ ಹತ್ತಿರ ಹೊರಗೆ ಇನ್ನೊಂದು ಮಾಪಕ ನೇತುಹಾಕಿ ಬರೀ ಗಾಳಿಯನ್ನು ಅಳೆಯುತ್ತಾರೆ. ಒಟ್ಟಿನಿಂದ ಗಾಳಿ ಕಳೆದರೆ ಉಳಿದದ್ದು ನೀರು. ಒಂದನೇ ಕ್ಲಾಸಿನ ಕಳೆಯುವ ಲೆಕ್ಕ. ಬಿರುಗಾಳಿ ಬಂದಾಗ ಗಾಳಿಯ ಭಾರ ಇಳಿಯುತ್ತದೆ, ಮುದುಕರ ಕೀಲು ನೋಯುತ್ತವೆ. ಕಳೆಯುವ ಗಾಳಿ ಕಡಿಮೆಯಾದರೆ ಉಳಿಯುವ ನೀರು ಹೆಚ್ಚಾಗಿ ಕಾಣುತ್ತದೆ. ಹಾಗಾದರೆ ಇಷ್ಟು ದಿನ ಮರುಭೂಮಿಯ ಬಾವಿಯಿಂದ ತಾನು ಕಳೆಯುತ್ತಿದ್ದದ್ದು ಯಾವ ಊರಿನ ಗಾಳಿ?

ಅವಳು ದೇವರ ಗೂಡಿನ ಬಾಗಿಲು ತೆರೆದಳು. ಗಣಪತಿಯ ಹಿಂದೆ, ಒಣಗಿದ ಸೇವಂತಿಗೆಯ ನಡುವೆ, ಕುಂಕುಮ ಹಚ್ಚಿಸಿಕೊಂಡು ಆ ಉಕ್ಕಿನ ಕೊಳವೆ ಕೂತಿತ್ತು.

ಹೋದ ವರ್ಷ ದಸರೆಯ ಖಂಡೇಪೂಜೆಗೆ ಚಂದ್ರವ್ವ ಹಟ ಹಿಡಿದಿದ್ದಳು. ಅಡುಗೆಮನೆಯ ಚಾಕುವಿನಿಂದ ಹಿಡಿದು ಕಾರಿನ ಕೀಲಿಯವರೆಗೆ ಪೂಜೆಯಾಗುವ ಮನೆಯಲ್ಲಿ ಮಗಳ ಕೆಲಸದ ಸಾಮಾನಿಗೆ ಆಗದಿದ್ದರೆ ಹೇಗೆ? ಮರುಭೂಮಿಗೆ ಹೊರಟಿದ್ದ ಹನ್ನೆರಡೂ ಮಾಪಕ ದೇವರ ಗೂಡು ಹೊಕ್ಕವು: ನೀರಿಗೆ ಹತ್ತು, ಗಾಳಿಗೆ ಒಂದು, ಗಾಳಿಯದೇ ಇನ್ನೊಂದು ಹೆಚ್ಚಿನದು. ಮರುದಿನ ಬೆಳಿಗ್ಗೆ ಕೊರಿಯರ್‌ನವನು ಬಾಗಿಲಲ್ಲಿ ನಿಂತಾಗ ಎಲ್ಲದರ ನಂಬರಿನ ಮೇಲೂ ಗಂಧ ಮೆತ್ತಿತ್ತು. ಒರೆಸಲು ಹೋದರೆ ಚಂದ್ರವ್ವ, "ಬನ್ನಿ ಹಬ್ಬದ ದಿನ ದೇವರ ಗಂಧ ಒರಸ್ತಾರೇನ? ಹಂಗ ಕಟ್ಟಿ ಕಳಸು," ಎಂದಿದ್ದಳು. ಸಂಹಿತಾ ಹಾಗೇ ಕಟ್ಟಿ ಕಳಿಸಿದ್ದಳು, ಹೆಚ್ಚಿನದು ಎಂದುಕೊಂಡು ಒಂದನ್ನು ಇಲ್ಲೇ ಬಿಟ್ಟು.

ಈಗ ಹೆಬ್ಬೆರಳಿನಿಂದ ಗಂಧ ಕೆರೆದಳು. ನಂಬರ್ ಕಂಡಿತು. ಅದು ಮರುಭೂಮಿಗೆ ಹೋಗಬೇಕಿದ್ದದ್ದು. ಎಲ್ಲಿದ್ದರೂ ತನ್ನ ಅಂಕಿಯನ್ನು ತಾನೇ ಕಳಿಸುವ ಜಾತಿಯ ಆ ಕೊಳವೆ, ಒಂದು ವರ್ಷದಿಂದ ಕ್ವೀನ್ಸ್‌ಬರಿಯ ಅಗರಬತ್ತಿಯ ಗಾಳಿಯನ್ನು ಮರುಭೂಮಿಯ ಗಾಳಿ ಎಂದು ಹೇಳಿಕೊಂಡು ಬಂದಿತ್ತು. ಮರುಭೂಮಿಯ ಆ ಭಾಗ ಲಂಡನ್ನಿಗಿಂತ ಎತ್ತರ. ಅಲ್ಲಿನ ಗಾಳಿ ಹಗುರ. ಹಗುರ ಗಾಳಿ ಕಳೆಯಬೇಕಾದಲ್ಲಿ ಭಾರದ ಗಾಳಿ ಕಳೆದರೆ ನೀರು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಸೊನ್ನೆಗಿಂತ ಕೆಳಗೆ ಹೋದದ್ದನ್ನೆಲ್ಲ ಸೊನ್ನೆ ಎಂದು ಬರೆಯುವುದು ಕಂಪ್ಯೂಟರಿನ ರೂಢಿ. ನಲವತ್ತೊಂದು ಮನೆ, ಬಾಗಿಲು ಸಮೇತ ಖಾಲಿಯಾಗಿದ್ದವು. ನಾಚಿಕೆಯಿಂದ ಸಂಹಿತಾಳ ಕಿವಿ ಸುಡುತ್ತಿತ್ತು.

ಆದರೆ ಸರಿಯಾದ ಗಾಳಿಯ ಅಂಕಿಗಳೂ ಇದ್ದವು. ಮರುಭೂಮಿಯಲ್ಲಿ ನೇತಾಡುತ್ತಿದ್ದ ಇನ್ನೊಂದು ಕೊಳವೆ ವರ್ಷವಿಡೀ ಕಳಿಸಿದ್ದು ಯಾರೂ ತೆರೆಯದ ಕಡತದಲ್ಲಿ ಬಿದ್ದಿತ್ತು. ಮಧ್ಯಾಹ್ನದೊಳಗೆ ಲೆಕ್ಕ ಹೊಸದಾಗಿ ಹಾಕಿದಳು. ಗ್ರಾಫಿನಲ್ಲಿ ಬಾವಿಗಳು ಒಂದೊಂದಾಗಿ ಕಣ್ಣು ಬಿಟ್ಟವು. ಹತ್ತೂ ಜೀವಂತ. ಊರು ಖಾಲಿಯಾದ ಮೇಲೆ ಒಂಬತ್ತು ಬಾವಿಗಳ ಗೆರೆ ಕದಡದ ನೀರಿನಂತೆ ಸಮನಾಗಿತ್ತು.

ಆರನೆಯದು ಹಾಗಿರಲಿಲ್ಲ. ಅದರ ಗೆರೆಯಲ್ಲಿ ದಿನಾ ಬೆಳಗಿನ ಜಾವ ಅಲ್ಲಿನ ಐದೂವರೆಗೆ ಏಳು ಕಚ್ಚುಗಳಿದ್ದವು, ಒಂದೊಂದು ಎರಡು ಸೆಂಟಿಮೀಟರ್ ಆಳ. ಒಂದು ಕೊಡ ನೀರು ಹೋದರೆ ಇಳಿಯುವುದು ಅಷ್ಟೇ. ಮೂರು ಕಚ್ಚು. ಬಿಡುವು. ಮೂರು ಕಚ್ಚು. ದೊಡ್ಡ ಬಿಡುವು. ಒಂದು.

ಸಂಹಿತಾ ಆ ಹಳೆಯ ವಿಡಿಯೋ ಹುಡುಕಿ ಹಾಕಿದಳು. ಬಿಡುವಿನ ನಿಮಿಷಗಳನ್ನು ಎಣಿಸಿದಳು. ಅವವೇ ನಿಮಿಷಗಳು.

ಬಾವಿ ಮುಚ್ಚಿಸಲು ಸೋಲಾರಿನವರ ಜೊತೆ ಅಲ್ಲೇ ಬೀಡುಬಿಟ್ಟಿದ್ದ ಋಷಿಕೇಶ್‌ಗೆ ಫೋನ್ ಮಾಡಿದಳು. ಬೆಂಗಳೂರಿನವನು, ಅವಳ ಜೊತೆಯ ಎಂಜಿನಿಯರ್, ಮಾಪಕಗಳನ್ನು ಇಳಿಸಿದವನೂ ಅವನೇ.

"ಋಷಿ, ಊರಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಮೇಡಮ್. ಬಾಗಿಲೇ ಇಲ್ದಿರೋ ಮನೇಲಿ ಯಾರಿರ್ತಾರೆ? ನಾಯೀನೂ ಇಲ್ಲ. ಯಾಕೆ?"

"ಆರನೇ ಬಾವಿಯಿಂದ ದಿನಾ ಯಾರೋ ನೀರು ಸೇದ್ತಾ ಇದಾರೆ."

"ಆರನೇದಾ? ಅದು ಆ ಅಜ್ಜಿದು. ವಿಡಿಯೋಲಿ ಇದ್ರಲ್ಲ, ಅವರದು. ಕಾಲೊನಿಗೆ ಹೋಗಿ ಇಪ್ಪತ್ತು ದಿನಕ್ಕೇ ತೀರಿಕೊಂಡ್ರು ಮೇಡಮ್. ಟ್ಯಾಂಕರ್ ನೀರು ಬಾಯಿಗೇ ಹಾಕ್ಲಿಲ್ಲವಂತೆ. ಏಪ್ರಿಲ್ ಒಂದು. ಡೇಟ್ ಹಂಗಾಗಿ ನೆನಪಿದೆ."

ಸಂಹಿತಾ ಗ್ರಾಫನ್ನು ಹಿಂದಕ್ಕೆ ಸರಿಸಿದಳು. ಮಾರ್ಚ್ ಹನ್ನೊಂದರವರೆಗೆ ಏಳು ಕಚ್ಚು. ಹನ್ನೆರಡರಿಂದ ಏನೂ ಇಲ್ಲ, ಸಮನಾದ ಗೆರೆ. ಏಪ್ರಿಲ್ ಎರಡರಿಂದ ಮತ್ತೆ ಏಳು. ಅಲ್ಲಿಂದ ಇವತ್ತಿನ ಬೆಳಗಿನವರೆಗೆ ಒಂದು ದಿನವೂ ಬಿಟ್ಟಿರಲಿಲ್ಲ.

ಮರುದಿನ ತಿರುಮಲೇಶ ಅವಳ ಎರಡೂ ಗ್ರಾಫುಗಳನ್ನು ಮೇಜಿನ ಮೇಲೆ ಹರಡಿಕೊಂಡರು. ಆಫೀಸಿನ ಯಜಮಾನರು, ಮೈಸೂರಿನವರು, ಇರುವೆಯನ್ನೂ ತುಳಿಯದ ಮನುಷ್ಯ. ಗಾಳಿಯ ತಪ್ಪನ್ನು ಕೇಳಿದಾಗ ಬೈಯಲಿಲ್ಲ. ಹಣೆ ಉಜ್ಜಿಕೊಂಡು, "ಶುಕ್ರವಾರ ಸೋಲಾರ್ ಯೋಜನೆಯ ಸಮಿತಿ ಸೇರಿಸ್ತೀನಿ, ಕೆಲಸ ನಿಲ್ಲಿಸೋಣ," ಎಂದರು. ಆಮೇಲೆ ಅವರ ಬೆರಳು ಆರನೇ ಬಾವಿಯ ಮೇಲೆ ನಿಂತಿತು.

"ಇದೇನಮ್ಮ?"

ಅವಳು ಹೇಳಿದಳು. ತಿರುಮಲೇಶ ನಗಲಿಲ್ಲ, ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು.

"ನೋಡಮ್ಮ, ನಾನು ನಂಬ್ತೀನೋ ಬಿಡ್ತೀನೋ ಅದು ಬೇರೆ. ಸಮಿತಿಯವರು ಕೇಳೋದು ಒಂದೇ ಪ್ರಶ್ನೆ. ಆಳಿಲ್ಲದ ಊರಲ್ಲಿ ನೀರು ಸೇದೋರು ಯಾರು? ನಿನ್ನ ಹತ್ರ ಉತ್ತರ ಇದೆಯಾ? ಇಲ್ಲ. ಆಗ ಅವರು ಮಾಪಕಗಳೇ ಕೆಟ್ಟಿವೆ ಅಂತಾರೆ. ಒಂದು ಸಲ ತಪ್ಪು ಮಾಡಿದೀವಿ, ಎರಡನೇ ಲೆಕ್ಕನೂ ಕಸದಬುಟ್ಟಿಗೆ. ಹತ್ತೂ ಹೋಗತ್ತೆ."

"ಮತ್ತೇನು ಮಾಡೋದು ಸರ್?"

"ಆರನೇದರ ಮಾಪಕ ಕೆಟ್ಟಿದೆ ಅಂತ ಬರಿ. ಲೆಕ್ಕದಿಂದ ಬಿಟ್ಟುಬಿಡು. ಒಂಬತ್ತು ಉಳಿಯತ್ತೆ, ಜನ ವಾಪಸ್ ಬರ್ತಾರೆ. ಅವರಿಗೆ ಒಂಬತ್ತು ಸಾಲಲ್ವಾ?"

ಎರಡು ದಿನ ಸಂಹಿತಾ ತಲೆ ಕೆಡಿಸಿಕೊಂಡಳು. ಜುಬಿಲಿ ಲೈನಿನ ಟ್ಯೂಬ್ ರೈಲಿನಲ್ಲಿ ಕೂತು ಎರಡು ಸಲ ತನ್ನ ನಿಲ್ದಾಣ ದಾಟಿಹೋದಳು. ಒಂಬತ್ತು ಬಾವಿ, ನಲವತ್ತೊಂದು ಮನೆ ಒಂದು ತಕ್ಕಡಿಯಲ್ಲಿ. ಇನ್ನೊಂದರಲ್ಲಿ ಸತ್ತವಳ ಏಳು ಕೊಡ. ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತಿತ್ತು. ಅದಕ್ಕೇ ಅವಳು ಯಾರನ್ನೂ ಕೇಳಲಿಲ್ಲ. ಶುಕ್ರವಾರ ವರದಿಯಲ್ಲಿ "ಬಾವಿ ಆರು: ಮಾಪಕ ದೋಷ, ಕೈಬಿಡಲಾಗಿದೆ" ಎಂದು ಬರೆದು ಸಹಿ ಹಾಕಿದಳು. ಸಹಿ ಎಂದಿನಂತೆ ದುಂಡಗೆ ಬಂತು.

ಸಮಿತಿ ಒಪ್ಪಿತು. ಒಂಬತ್ತು ಬಾವಿ ಮತ್ತು ಅವುಗಳ ಸುತ್ತಲಿನ ನೆಲ ಮುಟ್ಟುವ ಹಾಗಿಲ್ಲವೆಂದು ಆದೇಶವಾಯಿತು. ಲೆಕ್ಕಕ್ಕಿಲ್ಲದ ಆರನೆಯದು ಆದೇಶದಲ್ಲೂ ಇರಲಿಲ್ಲ. ಸೋಮವಾರ ಅದರ ಬಾಯಿಗೆ ಚಪ್ಪಡಿ ಎಳೆದು ಸಿಮೆಂಟು ಹಾಕಿದರು. ಮಾಪಕದ ತಂತಿಗೆಂದು ಬಿಟ್ಟ ಮುಷ್ಟಿಯಷ್ಟು ತೂತು ಮಾತ್ರ ಉಳಿಯಿತು. ಯಂತ್ರ ಬಂದು ಸುತ್ತಲಿನ ಮರಳನ್ನೂ ಅದರಡಿಯ ಜಿಪ್ಸಮ್ ಪದರವನ್ನೂ ಕೆರೆದುಕೊಂಡು ಹೋಯಿತು. ಋಷಿಕೇಶ್ ಫೋಟೋ ಕಳಿಸಿದ.

ಮಂಗಳವಾರ ಬೆಳಿಗ್ಗೆ ನೋಡಬಾರದೆಂದುಕೊಂಡೇ ಸಂಹಿತಾ ನೋಡಿದಳು. ಚಪ್ಪಡಿಯ ಕೆಳಗೆ, ಐದೂವರೆಗೆ, ಏಳು ಕಚ್ಚು.

ಬುಧವಾರವೂ ಏಳು, ಆದರೆ ರಾತ್ರಿ ಜಿನುಗಿದ ನೀರು ಕಡಿಮೆಯಿತ್ತು. ಹಿಡಿದು ನಿಲ್ಲಿಸುವ ಪದರ ಇಲ್ಲದೆ ನೀರು ಕೆಳಗಿನ ಉಪ್ಪಿಗೆ ಇಳಿದುಹೋಗುತ್ತಿತ್ತು. ಗುರುವಾರ ಐದು. ಶುಕ್ರವಾರ ಮೂರು, ಮೂರರ ನಂತರ ಯಾವಾಗಿನ ಬಿಡುವು, ಆಮೇಲೆ ಏನೂ ಇಲ್ಲ. ಶನಿವಾರ ಗೆರೆ ತಳಕ್ಕೆ ಅಂಟಿತ್ತು, ಕಚ್ಚುಗಳಿಗೆ ಜಾಗವೇ ಇರಲಿಲ್ಲ. ಅವುಗಳ ಬದಲು ಅದೇ ಹೊತ್ತಿಗೆ ಏಳು ಸಣ್ಣ ಮುಳ್ಳುಗಳು ಮೇಲಕ್ಕೆ ಎದ್ದಿದ್ದವು. ಅವು ಏನೆಂದು ಅರ್ಥವಾಗಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಒಣ ತಳದಲ್ಲಿ ಬಿದ್ದಿದ್ದ ಮಾಪಕಕ್ಕೆ ಮೇಲಿನಿಂದ ಏನೋ ತಾಗಿತ್ತು, ಏಳು ಸಲ. ಖಾಲಿ ಕೊಡ.

ಸಂಹಿತಾ ಜೋರಾಗಿ ಅತ್ತಳು. ಚಂದ್ರವ್ವ ಕುಂಟುತ್ತಾ ಬಂದು ಬಾಗಿಲು ಹಿಡಿದು ನಿಂತಳು. ಮಗಳು ಬಿಕ್ಕುತ್ತಾ ಎಲ್ಲವನ್ನೂ ಹೇಳಿದಳು.

"ಸತ್ತಾಕಿ ನೀರ ಕೇಳಿದ್ರ ಬದುಕಿದವ್ರು ಕೊಡಬೇಕವಾ," ಎಂದಳು ಚಂದ್ರವ್ವ. "ಲೆಕ್ಕ ಆಮ್ಯಾಲ ನೋಡೂಣಂತ. ಮೊದಲ ನೀರ ಹಾಕಸು ಹೋಗು."

ಸಂಹಿತಾ ಋಷಿಕೇಶ್‌ಗೆ ಫೋನ್ ಮಾಡಿ ಆರನೇ ಬಾವಿಗೆ ನೀರು ಹಾಕಿಸಲು ಹೇಳಿದಳು. "ಮೇಡಮ್, ನಾಳೆ ಬೆಳಿಗ್ಗೆ ಎಂಟಕ್ಕೆ ನಾನು ಇಲ್ಲಿಂದ ಹೊರಡ್ತೀನಿ. ಟ್ಯಾಂಕರ್ ಎಲ್ಲಿಂದ ತರ್ಲಿ?"

"ಎಲ್ಲಿಂದಾದ್ರೂ ತಾ. ತಂತಿ ತೂತಿಂದ ಸುರಿಸು. ಐದೂವರೆ ಒಳಗೆ."

"ಸುರಿದ್ರೂ ನಿಲ್ಲಲ್ಲ ಮೇಡಮ್. ನೀರು ಹಿಡಿಯೋ ಪದರಾನೇ ಕಿತ್ತು ಹಾಕಿದೀವಲ್ಲ. ಅರ್ಧ ಗಂಟೇಲಿ ಕೆಳಗೆ ಹೋಗತ್ತೆ. ನಿಮಗೆ ಗೊತ್ತಿಲ್ದೇ ಇರೋದಾ?"

"ಗೊತ್ತು. ಆದ್ರೂ ಸುರಿಸು. ಕೈ ಮುಗೀತೀನಿ ಋಷಿ."

ಅವನು ಸುರಿಸಿದ. ಭಾನುವಾರ ಬೆಳಿಗ್ಗೆ ಎಂಟಕ್ಕೆ ತಾಯಿ ಮಗಳು ಇಬ್ಬರೂ ಪರದೆಯ ಮುಂದೆ ಕೂತರು. ಅಲ್ಲಿನ ಐದು ಗಂಟೆ ಇಪ್ಪತ್ತಕ್ಕೆ ನೀರು ಮೊಣಕಾಲುದ್ದ ಏರಿತ್ತು. ಏರಿದ ಗಳಿಗೆಯಿಂದಲೇ ಇಳಿಯತೊಡಗಿತ್ತು. ಐದೂವರೆಗೆ ಮೊದಲ ಕಚ್ಚು. ಸಂಹಿತಾ ಬೆರಳಿಟ್ಟು ಎಣಿಸಿದಳು. ಎರಡು, ಮೂರು. ಬಿಡುವಿಗೆಂದು ಅವಳ ಬೆರಳು ನಿಂತಿತು, ಗೆರೆ ನಿಲ್ಲಲಿಲ್ಲ. ನಾಲ್ಕು, ಐದು, ಆರು, ಏಳು, ಒಂದರ ಬೆನ್ನಿಗೆ ಒಂದು. ನೀರು ಓಡಿಹೋಗುವುದರೊಳಗೆ ತುಂಬಿಕೊಳ್ಳಬೇಕೆಂದು ಆ ಮುದುಕಿಗೆ ಗೊತ್ತಾಗಿತ್ತು. ಎಂಬತ್ತು ದಾಟಿದವಳು ಒಂದು ಸಲವೂ ಕೂತಿರಲಿಲ್ಲ.

ಸಂಹಿತಾ ಋಷಿಕೇಶ್‌ಗೆ ಫೋನ್ ಮಾಡಿದಳು. ಅದು ಸ್ವಿಚ್ ಆಫ್ ಎಂದಿತು. ಅವನು ಆಗಲೇ ಹೊರಟುಹೋಗಿದ್ದ, ನಾಳೆ ಅಲ್ಲಿ ನೀರು ಸುರಿಯುವವರು ಯಾರೂ ಇರಲಿಲ್ಲ.